ಅಕ್ಕೋರ ಕಾಲಿನ ಪಟ್ಟಿಗೆ ಜರ್ಮನ್ ಹಿಡಿಸಿದ್ದು

ಆ ಪಟ್ಟಿಗಳು ನನ್ನ ಮುಂದೆ ಬಂದದ್ದು ಹಳೆಯ ಇಳಕಲ್ ಸೀರೆಯ ತುಂಡಿನ ಗಂಟಿನಲ್ಲಿ. ಹುಲಗೂರಿನಿಂದ ಬಂದ ಹಿರಿಯ ಹೆಣ್ಣುಮಗಳೊಬ್ಬಳು ಸೀದಾ ನಮ್ಮ ವರ್ಕ್‌ಶಾಪಿನ ಒಳಗೆ ಬಂದು ಆ ಗಂಟನ್ನು ಲೇಥಿನ ಬೆಡ್ಡಿನ ಮೇಲೆ ಇಟ್ಟುಬಿಟ್ಟಳು. ಲೇಥಿನ ಬೆಡ್ಡಿನ ಮೇಲೆ ಯಾರಾದರೂ ಏನಾದರೂ ಇಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ.

“ಏ ಯವ್ವಾ, ಇದೇನು ಸಂತಿ ಕಟ್ಟಿ ಅಂತ ತಿಳದೀಯೇನು? ತಗಿ ಅತ್ತಾಗ.”

“ತಗೀತೇನಪಾ, ಯಾಕ ಒದರತಿ? ಮೊದಲ ಬಿಚ್ಚಿ ನೋಡು. ನನ್ನ ಮಗಳ ಕಾಲದು.”

ಬಿಚ್ಚಿದೆ. ಉಕ್ಕಿನ ಚಪ್ಪಟೆ ಪಟ್ಟಿಗಳು, ಮೊಳಕಾಲಿನ ಹತ್ತಿರ ಮಡಚುವ ಕೀಲು, ಬೆವರು ಕುಡಿದು ಕಪ್ಪಾದ ಚರ್ಮದ ಬೆಲ್ಟು, ಬಕಲ್. ಪಟ್ಟಿಗಳಿಗೆ ಯಾವಾಗಲೋ ಹೊಳಪಿತ್ತು. ಈಗ ಅದು ಸಿಪ್ಪೆಸಿಪ್ಪೆಯಾಗಿ ಎದ್ದು ಕೆಳಗಿನ ಕೆಂಪು ತುಕ್ಕು ಕಾಣುತ್ತಿತ್ತು. ಒಳಬದಿಯ ಪಟ್ಟಿಯ ಮೇಲೆ, ಮೊಳಕಾಲು ತಾಗುವ ಜಾಗದಲ್ಲಿ, ಒಂದು ಕಲೆಯಿತ್ತು. ಅದು ತುಕ್ಕಿನದಲ್ಲ, ರಕ್ತದ್ದು.

ಅರವತ್ತರ ದಶಕ ಆಗಷ್ಟೇ ಸುರುವಾಗಿತ್ತು. ನಾನು ಮಾಸೂರಿನವನು, ಸವಣೂರಿನ ಮೋಟಾರ್ ಸ್ಟ್ಯಾಂಡಿನ ಹಿಂದಿನ ಓಣಿಯ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದೆ. ಪಂಪಿನ ಶಾಫ್ಟು, ಕಬ್ಬಿನ ಗಾಣದ ರೋಲು, ಗಿರಣಿಯ ಬುಷ್ಷು ಇವೇ ನಮ್ಮ ಕೆಲಸ. ಎಣ್ಣೆ ಇಂಜಿನ್ನೊಂದು ಉದ್ದನೆಯ ಪಟ್ಟಾದಿಂದ ಲೇಥನ್ನು ತಿರುಗಿಸುತ್ತಿತ್ತು. ಮಾಲೀಕನನ್ನು ಎಲ್ಲರೂ ಮಿಸ್ತ್ರಿ ಎನ್ನುತ್ತಿದ್ದರು. ಅವನ ಹಿರಿಯರೆಲ್ಲ ಸವಣೂರಿನಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿದವರು. ನಾನು ಏರುದನಿಯಲ್ಲಿ ಹೇಳಿದ್ದನ್ನೆಲ್ಲ ಅವನು ಆಮೇಲೆ ಮೆಲ್ಲಗೆ ಮತ್ತೊಮ್ಮೆ ಹೇಳಿ ಗಿರಾಕಿಯನ್ನು ಉಳಿಸಿಕೊಳ್ಳುತ್ತಿದ್ದ.

ಆ ಅವ್ವನನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟು ಕೇಳಿದವನೂ ಅವನೇ. ಮಗಳಿಗೆ ಎಳೆಯದರಲ್ಲಿ ಜ್ವರ ಬಂದು ಒಂದು ಕಾಲು ಸೋತಿತ್ತು. ಈ ಕಬ್ಬಿಣ ಕಟ್ಟಿಕೊಂಡೇ ಆಕೆ ಓದಿ, ಟ್ರೇನಿಂಗ್ ಮುಗಿಸಿ, ಹುಲಗೂರಿನ ಇನ್ನೊಂದು ತುದಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾಗಿದ್ದರು. ನಮ್ಮ ಕಡೆ ಕಲಿಸುವ ಹೆಣ್ಣುಮಗಳನ್ನು ಅಕ್ಕೋರು ಎನ್ನುತ್ತೇವೆ. ಬೆವರಿಗೆ, ಕೆಸರಿಗೆ ಪಟ್ಟಿ ತುಕ್ಕು ಹಿಡಿಯಿತೆಂದು ಹುಬ್ಬಳ್ಳಿಯಲ್ಲಿ ನಿಕ್ಕಲ್ ಪಾಲಿಶ್ ಮಾಡಿಸಿದ್ದರು. ಅದು ಒಂದೇ ಮಳೆಗಾಲಕ್ಕೆ ಎದ್ದಿತು. ಎದ್ದ ಸಿಪ್ಪೆ ಬ್ಲೇಡಿನ ಹಾಗೆ ಮೊಳಕಾಲಿನ ಒಳಮಗ್ಗುಲನ್ನು ಕೊಯ್ದು, ಪಟ್ಟಿ ಕಟ್ಟಿಕೊಂಡಿರುವ ತನಕ ಆ ಗಾಯ ಮಾಯಲೇ ಇಲ್ಲ.

“ಡಾಕ್ಟರು ಬಿಚ್ಚಿಡಂದಾರ. ಸೂಟಿಯೊಳಗ ಮಾಯಾಕತ್ತೈತಿ. ಇನ್ನೊಮ್ಮೆ ಅಲ್ಲೇ ಹರಿದ್ರ ಮುಂದ ಕಬ್ಣ ಕಟ್ಟೂದ ಬ್ಯಾಡ, ಮನ್ಯಾಗ ಕುಂದರ್ಲಿ ಅಂತಾರ್ರಿ,” ಎಂದಳು ಅವ್ವ. “ಮಿರಗದ ಮಳಿ ಹೊತ್ತಿಗೆ ಸಾಲಿ ಸುರು. ಆಕಿ ಜಾಗಾಕ್ಕ ಬ್ಯಾರೇದವ್ರು ಆಗಲೇ ಅರ್ಜಿ ಹಾಕ್ಯಾರ. ಅವತ್ತ ಆಕಿ ನಡದ ಹೋಗಿ ನಿಂದರಬೇಕು.”

“ಮಾಡೂಣ ತಗೋರಿ ಯವ್ವಾ,” ಎಂದ ಮಿಸ್ತ್ರಿ. ಏನು ಮಾಡುವುದೆಂದು ಅವನಿಗೂ ಗೊತ್ತಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಮೊದಲು ಅವನು ತನ್ನ ಮನೆತನದ ವಿದ್ಯೆಗೇ ಕೈಹಾಕಿದ. ಒಂದು ಗುಜರಿ ಪಟ್ಟಿಯನ್ನು ಕಾಯಿಸಿ, ನವಸಾಗರ ಉದುರಿಸಿ, ಅರಳೆಯಿಂದ ತವರ ಒರೆಸಿದ. ಕನ್ನಡಿಯ ಹಾಗೆ ಹೊಳೆಯಿತು. ಅದಕ್ಕೆ ಬಕಲ್ ಕಟ್ಟಿ ಒಂದಷ್ಟು ಹೊತ್ತು ತಿಕ್ಕಿ ನೋಡಿದರೆ ತವರ ಸವೆದು ಕಬ್ಬಿಣ ಕಂಡಿತು. ಸಾರು ಕುದಿಸುವ ಪಾತ್ರೆಗೆ ಅದು ಸಾಕು, ದಿನವೂ ನಡೆಯುವ ಕಾಲಿಗೆ ಸಾಲದು. ಪಟ್ಟಿಗಳನ್ನೇ ಜರ್ಮನ್ನಿನಲ್ಲಿ ಮಾಡಿದರೆ ಹೇಗೆ ಎಂದೆ ನಾನು. ನಮ್ಮ ಕಡೆ ಅಲ್ಯೂಮಿನಿಯಮ್ಮಿಗೆ ಜರ್ಮನ್ ಎಂದೇ ಹೆಸರು. ಅದಕ್ಕೆ ತುಕ್ಕಿಲ್ಲ, ಭಾರವಿಲ್ಲ. ಒಂದು ಪಟ್ಟಿ ಮಾಡಿ ಅದರ ಮೇಲೆ ನಾನೇ ಭಾರ ಬಿಟ್ಟೆ, ಬಾಳೆದಿಂಡಿನಂತೆ ಬಾಗಿತು. ಒಳಗೆ ಉಕ್ಕೇ ಇರಬೇಕು, ಮೇಲೆ ಜರ್ಮನ್ ಇರಬೇಕು. ಎರಡನ್ನೂ ಒಂದು ಮಾಡುವುದು ಹೇಗೆ? ಜರ್ಮನ್ ಕರಗಿಸಿ ತವರದ ಹಾಗೆ ಒರೆಸಲು ಹೋದೆವು. ಅದು ಉಕ್ಕಿನ ಮೇಲೆ ನಿಲ್ಲದೆ ಗೋಲಿಗೋಲಿಯಾಗಿ ಉರುಳಿ ನನ್ನ ಚಪ್ಪಲಿ ಸುಟ್ಟಿತು. ಆ ದಿನ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ದಾರಿ ಸಿಕ್ಕಿದ್ದು ನಾನು ಬಯ್ಯುತ್ತಿದ್ದಾಗಲೇ. ಜರ್ಮನ್ ಕೊರೆಯುವಾಗ ಟರ್ನರ್ ಆದವನು ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬಿಡುತ್ತಲೇ ಇರಬೇಕು. ಬಿಡದಿದ್ದರೆ ಅದು ಬಿಸಿಗೆ ಮೆತ್ತಗಾಗಿ ಟೂಲಿನ ಮೂತಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಬಡಿದರೂ ಬಿಡುವುದಿಲ್ಲ, ಸಾಣೆಗೇ ಹಿಡಿಯಬೇಕು. ಅಂದು ಯಾರದೋ ಇಂಜಿನ್ನಿನ ಜರ್ಮನ್ ಪಿಸ್ಟನ್ ಕೊರೆಯುತ್ತಿದ್ದೆ, ಡಬ್ಬಿಯಲ್ಲಿ ಚಿಮಣಿ ಎಣ್ಣೆ ಮುಗಿದದ್ದು ನೋಡಿರಲಿಲ್ಲ. ಟೂಲಿಗೆ ಗಡ್ಡೆ ಕಟ್ಟಿತು. ಉಳಿಯಿಂದ ಬಡಿದೆ, ಬಯ್ದೆ, ಮತ್ತೆ ಬಡಿದೆ. ಥಟ್ಟನೆ ಕೈ ನಿಂತಿತು.

“ಮಿಸ್ತ್ರಿ, ಈ ಹಾಳಾದ್ದು ಬ್ಯಾಡಂದ್ರ ಹತ್ತತೈತಿ. ಬೇಕಂದ್ರ ಯಾಕ ಹತ್ತಬಾರದು?”

ಮಿಸ್ತ್ರಿ ಟೂಲನ್ನು ತೆಗೆದುಕೊಂಡು ಉಗುರಿನಿಂದ ಕೆರೆದು ನೋಡಿದ. “ಇದು ಕರಗಿಲ್ಲ, ತಿಕ್ಕಿ ತಿಕ್ಕಿ ಹತ್ಯೈತಿ,” ಎಂದ. “ನಮ್ಮ ಅಪ್ಪನೂ ತಿಕ್ಕೇ ಹಚ್ಚತಿದ್ದ. ಲೇಥಿಲೆ ತಿಕ್ಕೂಣು.”

ಹುಬ್ಬಳ್ಳಿಯ ಗುಜರಿಯಿಂದ ಹೆಬ್ಬೆರಳಷ್ಟು ದಪ್ಪದ ಜರ್ಮನ್ ಸರಳು ತಂದೆವು. ಅದನ್ನು ಗಿಡ್ಡಗೆ ಕತ್ತರಿಸಿ ಲೇಥಿನ ಚಕ್ಕಿನಲ್ಲಿ, ಅದರ ತಿರುಗುವ ಹಿಡಿಯಲ್ಲಿ, ಬಿಗಿದೆ. ಟೂಲು ಕೂರುವ ಜಾಗದಲ್ಲಿ ಒಂದು ಗುಜರಿ ಪಟ್ಟಿಯನ್ನು ಸರಳಿನ ಮೂತಿಗೆ ಎದುರಾಗಿ ನಿಲ್ಲಿಸಿದೆ. ಸರಳು ಜೋರಾಗಿ ತಿರುಗುತ್ತಿರುವಾಗ ಪಟ್ಟಿಯನ್ನು ಅದಕ್ಕೆ ಒತ್ತಬೇಕು, ಮೂತಿ ಮೆತ್ತಗಾದ ಮೇಲೆ ಪಟ್ಟಿಯನ್ನು ಮೆಲ್ಲಗೆ ಅಡ್ಡ ಸರಿಸಬೇಕು, ಮೆತ್ತಗಾದದ್ದು ಪಟ್ಟಿಯ ಮೇಲೆ ಹಾಸಿಕೊಂಡು ಹೋಗಬೇಕು. ಇಷ್ಟೇ ಲೆಕ್ಕ. ಹೇಳಲು ಎಷ್ಟು ಸಲೀಸು!

ಕೈಚಕ್ರದಿಂದ ಒತ್ತಿದರೆ ಬರೀ ಚೀರಾಟ, ಜರ್ಮನ್ ಪುಡಿಯಾಗಿ ಉದುರಿತು. ಬಲ ಸಾಲದೆಂದು ಲೇಥಿನ ಇನ್ನೊಂದು ತುದಿಯಲ್ಲಿರುವ ಹಿಂತಲೆಯನ್ನು ಸರಿಸಿ ತಂದು ಅದರ ಸ್ಕ್ರೂದಿಂದ ಹಿಂದಿನಿಂದ ನೂಕಿದೆವು. ಆಗ ಪಟ್ಟಾ ಜಾರಿತು. ಪಟ್ಟಾಕ್ಕೆ ರಾಳದ ಪುಡಿ ಹಾಕಿದೆವು. ಆಗ ಇಂಜಿನ್ ಉಸಿರುಗಟ್ಟಿ ನಿಂತಿತು. ಒತ್ತುವ ಬಲ, ಇಂಜಿನ್ನಿನ ಓಟ, ಸರಿಸುವ ವೇಗ ಈ ಮೂರನ್ನೂ ಹೊಂದಿಸುವುದರೊಳಗೆ ಸರಳುಗಳು ಒಂದರ ಹಿಂದೊಂದು ಮೊಂಡಾದವು. ಕಡೆಗೆ ಕಿವಿಯೇ ನನಗೆ ಹಾದಿ ತೋರಿಸಿತು. ಮೊದಲು ಚೀರುತ್ತದೆ. ಒತ್ತಿ ಹಿಡಿದರೆ ಚೀರುವುದು ಇಳಿದು ಗುಂಯ್ ಎನ್ನುತ್ತದೆ, ಸರಳಿನ ಮೂತಿ ಅಣಬೆಯ ಹಾಗೆ ಅಗಲವಾಗುತ್ತದೆ. ಆ ಗಳಿಗೆಗೆ ಸರಿಸಲು ಸುರು ಮಾಡಬೇಕು. ತಡ ಮಾಡಿದರೆ ಮುದ್ದೆ, ಅವಸರ ಮಾಡಿದರೆ ಬರೀ ಗೆರೆ.

ಮೊದಲ ಲೇಪವನ್ನು ವೈಸಿನಲ್ಲಿ ಹಿಡಿದು ಬಾಗಿಸಿದಾಗ ಅದು ಹಪ್ಪಳದಂತೆ ಎದ್ದು ಬಂತು. ಪಟ್ಟಿಯನ್ನು ನಾನು ಚಿಮಣಿ ಎಣ್ಣೆಯ ಚಿಂದಿಯಿಂದ ಒರೆಸಿದ್ದೆ, ನಮ್ಮಲ್ಲಿ ಎಲ್ಲವನ್ನೂ ಒರೆಸುವುದೇ ಅದರಿಂದ. ಮರುದಿನ ಪಟ್ಟಿಯನ್ನು ಒಣಗಿದ್ದಾಗಲೇ ಅರದಿಂದ ತಿಕ್ಕಿ, ಮಿಂಚು ಬಂದ ಕೂಡಲೇ, ಏನೂ ಮುಟ್ಟಿಸದೆ ಲೇಥಿಗೆ ಏರಿಸಿದೆ. ಲೇಪ ಕೂತಿತು. ಬಾಗಿಸಿದೆ, ಏಳಲಿಲ್ಲ. ಸುತ್ತಿಗೆಯಿಂದ ಬಡಿದೆ, ಏಳಲಿಲ್ಲ. ಮತ್ತೊಂದು ಪಟ್ಟಿ, ಇನ್ನೊಂದು ಪಟ್ಟಿ, ಎಲ್ಲಾ ಗಟ್ಟಿ. ಮಿಸ್ತ್ರಿ ನನ್ನ ಬೆನ್ನಿಗೆ ಗುದ್ದಿದ, ನಾನು ಅವನನ್ನು ತಬ್ಬಿಕೊಂಡೆ. ಎಣ್ಣೆ ಡಬ್ಬಿ ಹಿಡಿದು ಲೇಥಿನ ಹತ್ತಿರ ಬಂದವನ ಕಾಲು ಮುರಿಯುತ್ತೇನೆಂದು ಓಣಿಗೆಲ್ಲ ಕೇಳುವಂತೆ ಸಾರಿದೆ.

ಇನ್ನು ನಿಜವಾದ ಪಟ್ಟಿಗಳು. ಬರುವಂತೆ ಅವ್ವನಿಗೆ ಹೇಳಿಕಳಿಸಿದೆವು. ಆಕೆ ಬೆಳಗಿನ ಮೋಟಾರಿಗೆ ಬಂದು, ಕೆಲಸ ಮುಗಿಯುವ ತನಕ ಬೆಂಚಿನ ಹತ್ತಿರ ಎಲೆ ಮೆಲ್ಲುತ್ತ ಕೂತಿರುತ್ತಿದ್ದಳು. ಮಗಳ ಕಾಲನ್ನು ಪರರ ಕೈಯಲ್ಲಿ ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ. ನಾನು ಪಟ್ಟಿಯನ್ನು ಅರದಿಂದ ಬಿಳುಪು ಮಾಡಿ ಬೆಂಚಿನ ಮೇಲಿಟ್ಟು, ಇಂಜಿನ್ನಿಗೆ ನೀರು ಹಾಕಿ ಪಟ್ಟಾ ಏರಿಸಿ ಬಂದು, ಲೇಥಿಗೆ ಬಿಗಿದು ಲೇಪ ಎಳೆದೆ. ಲೇಥಿನ ಅಡ್ಡ ಓಟ ಉದ್ದವಿಲ್ಲದ್ದರಿಂದ ಒಂದು ಪಟ್ಟಿಯನ್ನು ತುಂಡು ತುಂಡಾಗಿ ಎಳೆದು, ಕೂಡುವಲ್ಲಿ ಒಂದರ ಮೇಲೊಂದು ಹತ್ತಿಸಬೇಕಿತ್ತು. ಅದೂ ಸರಿಹೋಯಿತು. ಬೇರೆ ಪಟ್ಟಿಗಳೆಲ್ಲ ಗಟ್ಟಿಯಾದವು. ಆದರೆ ಒಳಬದಿಯ ಪಟ್ಟಿಯನ್ನು ಪರೀಕ್ಷೆಗೆಂದು ಬಡಿದಾಗ ಒಂದು ಕಡೆ ಟೊಳ್ಳು ಸದ್ದು ಬಂತು. ಉಳಿಯ ತುದಿ ತಾಗಿಸಿದರೆ ಅಲ್ಲಿಯಷ್ಟೇ ಸಿಪ್ಪೆ ಎದ್ದಿತು. ಹೆಬ್ಬೆಟ್ಟಿನಗಲ. ಅದೂ ಎಲ್ಲಿ? ಗಾಯವಾಗಿದ್ದ ಮೊಳಕಾಲು ತಾಗುವ ಅದೇ ಜಾಗದಲ್ಲಿ!

ಅರದಿಂದ ಎಲ್ಲವನ್ನೂ ತೆಗೆದು ಮತ್ತೆ ಎಳೆದೆ. ಮತ್ತೆ ಅಲ್ಲೇ ಎದ್ದಿತು. ಇಂಜಿನ್ನಿಗೆ ಬಯ್ದೆ. ಸರಳಿನಲ್ಲಿ ದೋಷವೆಂದೆ. ಸ್ಕ್ರೂ ಹಿಡಿದಿದ್ದ ಮಿಸ್ತ್ರಿಗೆ, “ನಿನ್ನ ಕೈ ನಡಗಾಕತ್ತೈತಿ, ನಿನಗ ವಯಸ್ಸಾತು,” ಎಂದೆ. ಅವನು ಪಟ್ಟಿಯ ದಪ್ಪವನ್ನು ಅಳೆದ. ಪ್ರತಿಸಲ ಅರ ಹಾಕಿದಾಗಲೂ ಉಕ್ಕು ತೆಳುವಾಗುತ್ತಿತ್ತು.

“ಇನ್ನೊಂದ ಸಲ ಅಷ್ಟ. ಆಮ್ಯಾಲ ಈ ಪಟ್ಟಿ ಆಕಿ ಭಾರ ತಡಿಯೂದಿಲ್ಲ,” ಎಂದ.

ಅಂಥ ಉಕ್ಕಿನ ಪಟ್ಟಿ ನಮಗೆ ಸವಣೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಸಿಗುವಂಥದ್ದಲ್ಲ. ದೂರದ ದೊಡ್ಡ ದವಾಖಾನೆಯಿಂದ ಹೊಸದು ಬರಬೇಕೆಂದರೆ ಮಳೆಗಾಲವೇ ಕಳೆದೀತು. ಶಾಲೆ ಸುರುವಾಗುವುದು ತೀರಾ ಹತ್ತಿರ ಬಂದಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಎದ್ದ ಸಿಪ್ಪೆಯನ್ನು ಹೊರಗೆ ಬಿಸಿಲಿಗೆ ತಂದು ತಿರುವಿ ನೋಡಿದೆ. ಅಡಿಯಲ್ಲಿ ಕಂದು ಕಲೆ. ಮೂಗಿಗೆ ಹಿಡಿದೆ. ಲೇಥಿನ ಎಣ್ಣೆಯ ವಾಸನೆ ನನಗೆ ನಿದ್ದೆಯಲ್ಲೂ ಗೊತ್ತು, ಇದು ಅದಲ್ಲ. ಚಿಮಣಿ ಎಣ್ಣೆಯೂ ಅಲ್ಲ. ಒಲೆಯ ಮೇಲೆ ಕುಸುಬಿ ಎಣ್ಣೆ ಸೀದುಹೋದಾಗ ಬರುವ ವಾಸನೆ. ವರ್ಕ್‌ಶಾಪಿನಲ್ಲಿ ಒಗ್ಗರಣೆ ಹಾಕಿದವರು ಯಾರು? ಒಳಗೆ ತಿರುಗಿ ನೋಡಿದೆ. ಅವ್ವ ಎಲೆಯಡಿಕೆಯ ಚಂಚಿ ಬಿಚ್ಚಿ ಸುಣ್ಣ ತೆಗೆಯುತ್ತಿದ್ದಳು. ಚಂಚಿಯ ಇನ್ನೊಂದು ಅರೆಯಲ್ಲಿ ಸಣ್ಣದೊಂದು ಹಿತ್ತಾಳೆ ಡಬ್ಬಿ ಕಂಡಿತು.

“ಯವ್ವಾ, ಆ ಡಬ್ಬ್ಯಾಗ ಏನೈತಿ?”

“ಎಣ್ಣಿ. ನಮ್ಮೂರ ದರ್ಗಾದ ದೀಪದ್ದು.”

“ಈ ಪಟ್ಟಿಗೆ ಹಚ್ಚಿದೇನು?”

“ಹೂಂ ಮತ್ತ. ನೀ ಇಂಜನ್ ಕಡೆ ಹೋದಾಗ. ಒಂದ ಬಟ್ಟಷ್ಟ, ಆಕಿಗೆ ನೋವಾಗೂ ಜಾಗಾಕ್ಕ. ಇನ್ನ ನೋವ ಕೊಡಬ್ಯಾಡ ತಂದೇ ಅಂತ ಬೇಡಿಕೊಂಡು ಹಚ್ಚೇನಿ.”

ನನ್ನ ತಲೆಗೆ ರಕ್ತ ಏರಿತು. “ಅಯ್ಯ ನನ್ನ ಕರ್ಮವೇ! ಇಲ್ಲಿ ನಾವು ಬೆವರ ಸುರಿಸಿ ಸಾಯಾಕತ್ತೇವಿ, ನೀ ನಿನ್ನ ಕೈಯಾರ ಕೆಡಸಾಕತ್ತೀ! ಏಳು, ಊರಿಗೆ ನಡಿ. ಕೆಲಸ ಮುಗದ ಮ್ಯಾಲ ಬಾ.”

ಅವಳು ಹೆದರುವ ಪೈಕಿಯಲ್ಲ. “ಕಬ್ಣ ಬೋಳು ಬಿಟ್ರ ತುಕ್ಕ ಹಿಡೀತೈತಿ. ನಾ ಎಷ್ಟ ವರ್ಷ ಆತು ದಿನಾ ಸಂಜಿಕೆ ಎಣ್ಣಿ ಹಚ್ಚಿ ಒರಸಾಕತ್ತು! ನನಗ ಗೊತ್ತಿಲ್ಲೇನು ಈ ಕಬ್ಣ? ದೇವರ ದೀಪದ ಎಣ್ಣಿ ಕೆಡಸ್ತೈತಂತ. ಒಂದೀಟು ಬಾಯಿ ಬಿಗಿ ಹಿಡಿ!” ಎಂದಳು. ಎನ್ನುತ್ತಲೇ ಅವಳ ದನಿ ಒಡೆಯಿತು. “ಖರೇನ ನನ್ನಿಂದ ಕೆಟ್ಟಿತೇನಪಾ?”

ಮಿಸ್ತ್ರಿ ಹತ್ತಿರ ಬಂದು ನೆಲದ ಮೇಲೆ ಕೂತ. “ಕೆಟ್ಟಿಲ್ಲ ಯವ್ವಾ. ಆ ಎಣ್ಣಿ ಆಕಿ ಕಾಲಿಗೆ ಹಚ್ಚು. ಕಬ್ಣಕ್ಕ ಬ್ಯಾಡ. ಕಾಲಿಗೆ ಹಚ್ಚಿದ್ರ ದೇವರಿಗೆ ತಿಳಿಯೂದಿಲ್ಲೇನು?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲ ಹೊರಗೆ ಹೋಗಿ ಕೂತಳು. ನಾನು ಕಡೆಯ ಸಲಕ್ಕೆ ಅರ ಎತ್ತಿಕೊಂಡೆ. ಎತ್ತಿಕೊಂಡವನು ನನ್ನ ಕೈ ನೋಡಿಕೊಂಡೆ. ಹುಡುಗನಾಗಿದ್ದಾಗಿನಿಂದ ಲೇಥಿನ ಎಣ್ಣೆ ಕುಡಿದ ಕೈ, ಗೆರೆಗೆರೆಯಲ್ಲೂ ಕಪ್ಪು. ಇಷ್ಟು ದಿನ ಬರೀ ಅದೃಷ್ಟದಿಂದ ಪಟ್ಟಿಯ ಅಂಚು ಹಿಡಿದು ಪಾರಾಗಿದ್ದೆ. ಈಗ ಅದೃಷ್ಟದ ಮೇಲೆ ಬಿಡುವ ಕೆಲಸವಲ್ಲ. ಅಲ್ಲದೆ ಆಕೆಯನ್ನು ಹೊರಗೆ ಕೂರಿಸಿ ಆಕೆಯ ಮಗಳ ಕಾಲು ಸರಿ ಮಾಡುವುದು ನನ್ನಿಂದ ಆಗುವಂತಿರಲಿಲ್ಲ. ಮನಸ್ಸು ಗಟ್ಟಿ ಮಾಡಿದೆ.

“ಯವ್ವಾ, ಬಾ ಇಲ್ಲಿ. ಹಬ್ಬಕ್ಕ ಭಾಂಡೆ ಹೆಂಗ ತಿಕ್ಕತಿ?”

“ಬೂದಿಲೆ. ಯಾಕ?”

“ನಾ ಅರ ಹಾಕಿ ಕೊಡತೇನಿ. ಅದರ ಮ್ಯಾಲ ನೀ ಬೂದಿ ಹಚ್ಚಿ ತಿಕ್ಕು. ಜಿಡ್ಡಂಬೂದು ಇರಬಾರದು. ಬಿಸಿನೀರಿಲೆ ತೊಳದು, ನೀನ ತಂದು ಲೇಥಿಗೆ ಕೊಡು. ನಾ ಆ ಮುಖ ಮುಟ್ಟೂದಿಲ್ಲ.”

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ, ಓಣಿಯ ಯಾವುದೋ ಮನೆಯ ಒಲೆಯಿಂದ ಬೂದಿ ತಂದು, ತೆಂಗಿನ ನಾರು ಹಿಡಿದು ಕೂತಳು. ಪಟ್ಟಿಯನ್ನು ಮೊದಲು, ಕೈಗಳನ್ನು ಮೊಳಕೈವರೆಗೆ ಆಮೇಲೆ, ಮತ್ತೆ ಪಟ್ಟಿಯನ್ನು ತಿಕ್ಕಿದಳು. ಚಹಾದ ಅಂಗಡಿಯಿಂದ ಕುದಿವ ನೀರು ತಂದು ಸುರಿದೆ. ನೀರು ಹನಿಯಾಗಿ ನಿಲ್ಲದೆ ಪಟ್ಟಿಯ ಮೇಲೆ ಹಾಳೆಯ ಹಾಗೆ ಹರಡಿಕೊಂಡು ಇಳಿಯಿತು. ಅದನ್ನು ನೋಡಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಬಿಸಿ ಆರುವ ಮೊದಲೇ, ಒಣಗಿದ ಕೂಡಲೇ, ಆಕೆ ಅಂಚು ಹಿಡಿದು ತಂದಳು. ನಾನು ಬೋಲ್ಟು ಬಿಗಿದೆ. ಮಿಸ್ತ್ರಿ ಹಿಂದಿನಿಂದ ಸ್ಕ್ರೂ ತಿರುವಿದ.

ಸರಳು ಚೀರಿತು. ಚೀರುತ್ತಲೇ ಇತ್ತು, ಅಂದು ಯಾಕೋ ಬಹಳ ಹೊತ್ತು. ಕೈ ತಡೆಯಲಾರದೆ ಸರಿಸಲು ಹೋದೆ, ಮಿಸ್ತ್ರಿ ತಲೆಯಾಡಿಸಿದ. ಆಮೇಲೆ ಗುಂಯ್ ಎಂದಿತು, ಅಣಬೆ ಅರಳಿತು. ಸರಿಸಿದೆ. ಸರಳಿನ ಹಿಂದೆ ಬೆಳ್ಳಗಿನ ಲೇಪ ಪಟ್ಟಿಯ ಮೇಲೆ ಸಣ್ಣ ಸಣ್ಣ ಬಳೆಯ ಗುರುತುಗಳೊಂದಿಗೆ ಹಾಸಿಕೊಳ್ಳುತ್ತ ಬಂತು, ಮೊಳಕಾಲಿನ ಜಾಗವನ್ನು ದಾಟಿತು. ಯಂತ್ರ ನಿಲ್ಲಿಸಿದೆ. ಬಡಿದು ನೋಡಲು ನನಗೆ ಮನಸ್ಸಾಗಲಿಲ್ಲ. ಅರ ಹಾಕಿ ಸಾಪು ಮಾಡಿದೆ, ಎಮರಿ ಕಾಗದ ತಿಕ್ಕಿದೆ, ಲೇಪ ಹತ್ತದ ಅಂಚುಗಳಿಗೆ ಬಣ್ಣ ಹಚ್ಚಿದೆ, ಕೀಲು ಜೋಡಿಸಿದೆ. ಬಡಿಯುವುದನ್ನು ಮಾತ್ರ ಮುಂದೂಡುತ್ತಲೇ ಬಂದೆ.

ಕಡೆಗೆ ನನ್ನಿಂದ ಬಡಿದು ನೋಡಿಸಿದವರು ಅಕ್ಕೋರು. ಅಳತೆ ನೋಡಲು ಅವರೇ ಒಂದು ಬಂಡಿಯಲ್ಲಿ ಬಂದರು. ನಾನು ಅವರನ್ನು ಕಂಡದ್ದು ಅದೇ ಮೊದಲು. ಸಣ್ಣ ಆಳು, ದೊಡ್ಡ ದನಿ. ಒಂದು ಕೈಯಲ್ಲಿ ಕೋಲು, ಇನ್ನೊಂದು ಅವ್ವನ ಹೆಗಲ ಮೇಲೆ. ಕೂತು ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದರು.

“ಭಾಳ ಚಂದ ಆಗೈತ್ರಿ. ಮೊದಲಿನ ಪಾಲಿಶ್ಶೂ ಹಿಂಗ ಚಂದ ಇತ್ತು. ಇದು ಏಳೂದಿಲ್ಲಂತ ಹೆಂಗ ಹೇಳ್ತೀರಿ?”

“ಏಳಬಾರದ್ರೀ,” ಎಂದೆ. ನನ್ನ ದನಿ ಎಂದೂ ಅಷ್ಟು ಸಣ್ಣದಾಗಿರಲಿಲ್ಲ.

“ಏಳಬಾರದಂದ್ರ ನಂಬಾಕ ಆಗೂದಿಲ್ರಿ. ಉಳಿ ತಗೋರಿ, ಹೊಡೀರಿ. ಏಳೂದಿದ್ರ ಇಲ್ಲೇ ಏಳ್ಲಿ. ನನ್ನ ಕಾಲಾಗ ಬ್ಯಾಡ.”

ಅವ್ವ ಮುಖ ತಿರುಗಿಸಿದಳು. ನಾನು ಪಟ್ಟಿಯನ್ನು ವೈಸಿಗೆ ಹಿಡಿದು, ಆ ಜಾಗದಲ್ಲೇ, ಓರೆಯಾಗಿ ಉಳಿ ಇಟ್ಟು ಹೊಡೆದೆ. ಉಳಿ ಜರ್ಮನ್ನನ್ನು ಕೆತ್ತಿಕೊಂಡು ಹೋಗಿ ನಿಂತಿತು. ಕೆತ್ತಿದ್ದು ಕೆತ್ತಿತು, ಸಿಪ್ಪೆ ಏಳಲಿಲ್ಲ. ಇನ್ನೊಮ್ಮೆ ಹೊಡೆದೆ. ಇಲ್ಲ. ಆ ಗೀರನ್ನು ತಿಕ್ಕಿ ನುಣುಪು ಮಾಡುವಾಗ ನನ್ನ ಕೈ ನಡುಗುತ್ತಿತ್ತು. ಅದನ್ನು ನೋಡಿದ ಮಿಸ್ತ್ರಿ, “ನಿನಗೂ ವಯಸ್ಸಾತು,” ಎಂದ.

ಮಿರಗದ ಮಳೆ ಆ ವರ್ಷ ಚೆನ್ನಾಗಿಯೇ ಹಿಡಿಯಿತು. ಶಾಲೆ ಸುರುವಾಗಿ ಒಂದಷ್ಟು ದಿನವಾದರೂ ಹುಲಗೂರಿನಿಂದ ಸುದ್ದಿಯಿಲ್ಲ. ಕೆಲಸ ಸರಿಹೋದರೆ ಯಾರೂ ಹೇಳಲು ಬರುವುದಿಲ್ಲ, ಕೆಟ್ಟರೂ ಕಾಲು ಸೋತವರು ಬರುವುದು ಹೇಗೆ? ನನಗೆ ಊಟ ಸೇರದಾಯಿತು. ಅಷ್ಟರಲ್ಲಿ ಹುಲಗೂರಿನ ಹಿಟ್ಟಿನ ಗಿರಣಿ ಕೆಟ್ಟಿದೆಯೆಂದು ಕರೆ ಬಂತು. ನಾನೇ ಹೋಗುತ್ತೇನೆಂದೆ.

“ಗಿರಣಿ ನೋಡಾಕ ಹೊಂಟೀಯೋ, ಕಾಲ ನೋಡಾಕ ಹೊಂಟೀಯೋ?” ಎಂದು ಮಿಸ್ತ್ರಿ ನಕ್ಕ.

ಬೆಳಗಿನ ಮೋಟಾರಿಗೆ ಇಳಿದವನು ಗಿರಣಿಯ ಕಡೆ ಹೋಗದೆ ಶಾಲೆಯ ಹಾದಿಯಲ್ಲಿ ನಿಂತೆ. ಎರೆಮಣ್ಣಿನ ಕೆಸರು, ಮೇಲೆ ಜಿಟಿಜಿಟಿ ಮಳೆ. ಅಕ್ಕೋರು ಬಂದರು. ಕೊಡೆ ಒಂದು ಕೈಯಲ್ಲಿ, ಕೋಲು ಇನ್ನೊಂದರಲ್ಲಿ, ಅವ್ವನ ಹೆಗಲಿಲ್ಲ. ಮೀನಖಂಡದವರೆಗೆ ಕೆಸರು ಮೆತ್ತಿತ್ತು. ಹೆಜ್ಜೆಗೊಮ್ಮೆ ಕೀಲು ಟಕ್ ಟಕ್ ಎನ್ನುತ್ತಿತ್ತು.

“ಅಕ್ಕೋರ, ಒಂದೀಟು ನಿಂದರ್ರಿ. ಆ ಪಟ್ಟಿ ನೋಡತೇನಿ. ಅಂಚಿನ ಬಣ್ಣ ಹೆಂಗೈತಿ, ಮೊಳಕಾಲ ಹತ್ತರ ಏನರ...”

“ಅಂಚಿಗೆ ತುಸು ತುಕ್ಕ ಬಂದೈತ್ರಿ. ಗಾಯ ಇಲ್ಲ,” ಎಂದರು. ನಿಲ್ಲಲೇ ಇಲ್ಲ. “ಗಂಟಿ ಹೊಡಿಯೂ ಹೊತ್ತಾತು. ಐತವಾರ ಬರ್ರಿ, ಕುಂತ ನೋಡೀರಂತ.”

ನನಗೆ ಸಿಟ್ಟೇ ಬಂತು. ಅಷ್ಟು ದುಡಿದವನಿಗೆ, ಸವಣೂರಿನಿಂದ ಅರ ಕಟ್ಟಿಕೊಂಡು ಬಂದವನಿಗೆ, ಎರಡು ನಿಮಿಷ ನಿಲ್ಲಬಾರದೇ? ಅವರು ಮುಂದೆ ಹೋಗುತ್ತಲೇ ಇದ್ದರು. ಗುಂಡಿ ಬಂದರೆ ಸುತ್ತಿ, ಕೆಸರು ಬಂದರೆ ಕೋಲು ಊರಿ, ಬಲು ಅವಸರದಲ್ಲಿ. ಇಷ್ಟು ವರ್ಷ ಲೇಥಿನ ಮುಂದೆ ನಿಂತ ನನಗೆ, ನಾನು ಮಾಡಿಕೊಟ್ಟದ್ದನ್ನು ಮರೆತೇ ನಡೆಯುತ್ತಿರುವವರನ್ನು ಕಂಡು ಕಣ್ಣು ತುಂಬಿ ಬಂದದ್ದು ಅದೊಂದೇ ಸಲ. ಮಳೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಶಾಲೆಯ ಗಂಟೆ ಬಾರಿಸುವಷ್ಟರಲ್ಲಿ ಅಕ್ಕೋರು ಹೊಸ್ತಿಲು ದಾಟಿದ್ದರು.